ಹನ್ನೊಂದು ದಿನ ಇಟ್ಟುಕೊಂಡ ಹೇಳಿಕೆ

ಮೊದಲ ಮಾತುಕತೆ ನಿಗದಿಯಾಗಲು ಏಳು ವಾರ ಹಿಡಿಯಿತು. ಕೊರೊನಾ ಕಾಲದಲ್ಲಿ ದೇಶದೇಶಗಳ ಗಡಿಗಳು ಮುಚ್ಚಿದ್ದಾಗ ಓದಲೆಂದು ಹೊರದೇಶಕ್ಕೆ ಹೊರಟವರ, ಹೊರಡಲಾಗದೆ ಉಳಿದವರ ನೆನಪುಗಳನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಿಂದ ಕೂಡಿಸುವ ಕೆಲಸ ಆಗ ನಡೆದಿತ್ತು. ಪಟ್ಟಿಯಲ್ಲಿ ಹದಿನಾಲ್ಕು ವಿದ್ಯಾರ್ಥಿಗಳ ಹೆಸರುಗಳಿದ್ದವು. ಒಂಬತ್ತನೆಯದು ಯಳವತ್ತಿಯ ವಿದ್ಯಾಶ್ರೀಯ ಹೆಸರು. ೨೦೨೨ರ ಡಿಸೆಂಬರ್ ನಡುವಿನಲ್ಲಿ ಫೋನು ಮಾಡಿದಾಗ ಆಕೆ ಹುಬ್ಬಳ್ಳಿಯಲ್ಲಿ ಆಹಾರ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸದಲ್ಲಿದ್ದಳು.

“ನನ್ನ ಕಡೆ ಹೇಳಾಕ ಭಾಳ ಇಲ್ಲರಿ. ನಾ ಹೋಗಲಿಲ್ಲ, ಅಷ್ಟ. ಯಾಕ ಹೋಗಲಿಲ್ಲ ಅನ್ನೂದ ಬೇಕಂದ್ರ ನಮ್ಮ ವೈನೀನ್ನ ಕೇಳ್ರಿ,” ಎಂದು ಒಂದು ನಂಬರು ಕೊಟ್ಟಳು.

ವೈನಿ ಎಂದರೆ ಆಕೆಯ ಅಣ್ಣ ಮಾಂತೇಶನ ಹೆಂಡತಿ, ಶೈಲಾ. ಮೊದಲ ಸಲ ಶೈಲಾ ರಾಂಗ್ ನಂಬರ್ ಎಂದು ಇಟ್ಟುಬಿಟ್ಟಳು. ಎರಡನೆಯ ಸಲ, ಮೆಣಸಿನಕಾಯಿ ಬಿಡಿಸುವ ಕೆಲಸ ಮುಗಿಯಲಿ ಎಂದಳು. ಜನವರಿ ಕೊನೆಗೆ ಆಕೆಯೇ ಫೋನು ಮಾಡಿದಳು.

“ಯಳವತ್ತಿಗೆ ಮಾತ್ರ ಬರಬ್ಯಾಡ್ರಿ. ಭಾರತ ಹುಣ್ಣಿವಿಗೆ ತವರಿಗೆ ಹೋಗತೇನಿ, ಮುಂಡರಗಿಗೆ. ಹುಣ್ಣಿವಿ ಮರುದಿನ ಅಲ್ಲೆ ಬರ್ರಿ. ಗಂಡನ ಮನಿಯವರು ಯಾರೂ ಇರೂದಿಲ್ಲ.”

ಹೀಗೆ ೨೦೨೩ರ ಫೆಬ್ರವರಿ ೬, ಸೋಮವಾರ, ಮುಂಡರಗಿಯಲ್ಲಿ ಆಕೆಯ ತಮ್ಮನ ಮನೆಯ ಪಡಸಾಲೆಯಲ್ಲಿ ಮಾತು ಆರಂಭವಾಯಿತು. ಧ್ವನಿ ಮುದ್ರಿಸುವ ಯಂತ್ರವನ್ನು ಶೈಲಾ ಸ್ವಲ್ಪ ಹೊತ್ತು ನೋಡಿದಳು. ಇದರಲ್ಲಿ ಹೇಳಿದ್ದನ್ನು ಅಳಿಸಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದ ಮೇಲೆ, “ಹಂಗಾರ ನಾ ಅಳಸು ಅಂದ್ರೂ ಅಳಸಬ್ಯಾಡ್ರಿ,” ಎಂದಳು. ಮುಂದಿನದು ಆ ದಿನವೂ ಅನಂತರದ ಎರಡು ಭೇಟಿಗಳಲ್ಲಿಯೂ ಆಕೆ ಹೇಳಿದ್ದು.

ಶೈಲಾ ಮುಂಡರಗಿಯಲ್ಲಿ ಹುಟ್ಟಿ ಬೆಳೆದವಳು. ಪಿಯುಸಿ ಮೊದಲ ವರ್ಷ ಮುಗಿಸಿ, ಎರಡನೆಯ ವರ್ಷದ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ ವಾರದಲ್ಲೇ ಮದುವೆ ಗೊತ್ತಾಯಿತು. ೨೦೧೦ರಲ್ಲಿ ಯಳವತ್ತಿಗೆ ಬಂದಾಗ ನಾದಿನಿ ವಿದ್ಯಾಶ್ರೀ ಏಳನೆಯ ತರಗತಿಯ ಹುಡುಗಿ. ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಶೈಲಾ ಆಕೆಗೆ ಲೆಕ್ಕ ಹೇಳಿಕೊಡುತ್ತಿದ್ದಳು; ಹಿಟ್ಟಿನ ಕೈಯಿಂದಲೇ ಪಾಟಿಯ ಮೇಲಿನ ತಪ್ಪನ್ನು ತೋರಿಸುತ್ತಿದ್ದಳು. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಹುಡುಗಿ ವೈನಿಯ ಲೆಕ್ಕವನ್ನು ದಾಟಿ ಹೋಗಿದ್ದಳು. ಆಮೇಲೆ ಶೈಲಾ ಲೆಕ್ಕ ಬಿಟ್ಟು, ಪರೀಕ್ಷೆಯ ದಿನ ಬಸ್ಸಿನ ತನಕ ಜೊತೆಗೆ ಹೋಗುವ ಕೆಲಸ ಹಿಡಿದಳು.

ಹೊಲದ ಕೆಲಸದಲ್ಲಿ ಆಕೆ ಹನ್ನೊಂದು ಮನೆಗಳ ಮುಯ್ಯಾಳಿನ ಗುಂಪಿಗೆ ಸೇರಿದ್ದಳು. ಮುಯ್ಯಾಳು ಎಂದರೆ ಕೂಲಿ ಇಲ್ಲದ ಕೆಲಸ. ಇಂದು ಹನ್ನೊಂದೂ ಮನೆಯವರು ನಿಮ್ಮ ಹೊಲದಲ್ಲಿ ಕಳೆ ತೆಗೆದರೆ, ನಾಳೆ ನಿಮ್ಮ ಮನೆಯವರು ಇನ್ನೊಬ್ಬರ ಹೊಲಕ್ಕೆ ಇಳಿಯಬೇಕು. ಬರಬೇಕಾದವಳಿಗೆ ಮೈ ಸರಿಯಿಲ್ಲದಿದ್ದರೆ ಅತ್ತೆ ಬರಬಹುದು, ನಾದಿನಿ ಬರಬಹುದು. ಯಾರು ಬಂದರೆಂದು ಯಾರೂ ಕೇಳುವುದಿಲ್ಲ. ಆ ಮನೆಯ ಪಾಳಿ ತಪ್ಪಬಾರದು, ಅಷ್ಟೇ. ಶೈಲಾ ಬಾಣಂತಿಯಾಗಿದ್ದ ವರ್ಷ, ಬೇರೆ ಯಾರೂ ಇಲ್ಲದ ಒಂದು ದಿನ, ಗದಗದ ಮುದ್ರಣಾಲಯದಲ್ಲಿ ಕೆಲಸ ಮಾಡುವ ಮಾಂತೇಶನೇ ರಜೆ ಹಾಕಿ ಹತ್ತು ಹೆಂಗಸರ ನಡುವೆ ಸಾಲು ಹಿಡಿದು ಕುಳಿತಿದ್ದ. “ಇವತ್ತ ಶೈಲಾಗ ಮೀಸಿ ಬಂದಾವ ನೋಡ್ರೆ,” ಎಂದು ದಿನವಿಡೀ ಅವನನ್ನು ಕಾಡಿದರು. ಆದರೂ ಪಾಳಿ ಪಾಳಿಯೇ ಆಯಿತು. ಹನ್ನೊಂದು ವರ್ಷದಲ್ಲಿ ಶೈಲಾಳ ಮನೆಯ ಪಾಳಿ ಒಂದು ಸಲವೂ ತಪ್ಪಿರಲಿಲ್ಲ.

೨೦೨೧ರ ಮೇ ತಿಂಗಳಲ್ಲಿ ವಿದ್ಯಾಶ್ರೀಗೆ ಜರ್ಮನಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆಹಾರ ವಿಜ್ಞಾನದ ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕಿತು. ಎರಡು ವರ್ಷದ ಶುಲ್ಕ, ವಸತಿ ಎಲ್ಲ ವಿದ್ಯಾರ್ಥಿವೇತನದಲ್ಲಿಯೇ. ಪತ್ರದಲ್ಲಿ ಒಂದು ಷರತ್ತಿತ್ತು: ಸಂಸ್ಥೆಯ ಪಟ್ಟಿಯಲ್ಲಿರುವ ಲಸಿಕೆಯ ಎರಡೂ ಡೋಸು ಆಗಿ, ಹದಿನಾಲ್ಕು ದಿನ ಕಳೆದ ಪ್ರಮಾಣಪತ್ರ ಸೆಪ್ಟೆಂಬರ್ ೧೫ರೊಳಗೆ ತಲುಪಬೇಕು. ಪಟ್ಟಿಯಲ್ಲಿ ಕೋವಿಶೀಲ್ಡ್ ಇತ್ತು. ಕೋವ್ಯಾಕ್ಸಿನ್ ಆಗ ಇರಲಿಲ್ಲ. ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಇಪ್ಪತ್ತೆಂಟು ದಿನಕ್ಕೇ ಎರಡನೆಯ ಡೋಸು ಕೊಡುತ್ತಿದ್ದರು. ಜೂನ್ ೨೮ಕ್ಕೆ ಗದಗದಲ್ಲಿ ಅಂಥವರಿಗಾಗಿ ಕೋವಿಶೀಲ್ಡ್ ಇದೆಯೆಂದು ತಿಳಿದು ವಿದ್ಯಾಶ್ರೀ ಆ ದಿನವನ್ನು ಗುರುತು ಹಾಕಿಕೊಂಡಿದ್ದಳು. ಯಾವ ಲಸಿಕೆ ಬೇಕು, ಯಾವುದು ಬೇಡ ಎಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳಬೇಕಾಗಬಹುದೆಂದು ಆಕೆಗೆ ಹೊಳೆದಿರಲಿಲ್ಲ.

ಜೂನ್ ೨೩, ಬುಧವಾರ. ಬಸ್ಸುಗಳು ಮತ್ತೆ ಓಡಾಡತೊಡಗಿ ಎರಡು ದಿನವಾಗಿತ್ತು. ವೀಸಾಕ್ಕೆ ಬೇಕಾದ ಕಾಗದಗಳಿಗಾಗಿ ವಿದ್ಯಾಶ್ರೀ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದಳು. ಅದೇ ದಿನ ಊರಿನ ಶಾಲೆಗೆ ಅರವತ್ತು ಡೋಸು ಲಸಿಕೆ ಬಂತು. ಪಟ್ಟಿ ಮಾಡಿದವಳು ಊರಿನ ಆಶಾ ಕಾರ್ಯಕರ್ತೆ ಅಖ್ತರಿ. ಮನೆಮನೆಗೆ ಹೋಗಿ ಆಧಾರ್ ಝೆರಾಕ್ಸ್ ಕೂಡಿಸಿ, ಹದಿನೆಂಟು ತುಂಬಿದವರನ್ನೆಲ್ಲ ಬರೆದುಕೊಂಡಿದ್ದಳು. ವಿದ್ಯಾಶ್ರೀಯ ಹೆಸರು ಆ ದಿನದ ಪಟ್ಟಿಯಲ್ಲಿತ್ತು, ಶೈಲಾಳ ಹೆಸರು ಮರುದಿನದ ಪಟ್ಟಿಯಲ್ಲಿ.

ಶೈಲಾ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಅತ್ತೆ ಹುಚ್ಚವ್ವ ಬದುವಿನ ಮೇಲೆ ನಿಂತು ಕೂಗಿದಳು.

“ವಿದ್ಯಾನ ಹೆಸರ ಕೂಗಾಕ ಹತ್ಯಾರ ಸಾಲ್ಯಾಗ. ಎಲ್ಲೆ ಅದಾಳಾಕಿ?”

“ಹುಬ್ಬಳ್ಳಿಯಾಗ ಅದಾಳಲ್ರಿ ಅತ್ತಿ.”

“ಹಂಗಾರ ಪಾಳಿ ಹೋತು. ಮತ್ತ ಯಾವಾಗ ಬರತೈತೋ ಔಷಧಿ.”

ಪಾಳಿ ಹೋಯಿತೆಂಬ ಮಾತು ಕಿವಿಗೆ ಬಿದ್ದೊಡನೆ ಶೈಲಾ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ನಡೆದೇಬಿಟ್ಟಳು. ಶಾಲೆಯ ವರಾಂಡದಲ್ಲಿ ಅಖ್ತರಿ ಆಕೆಯನ್ನು ನೋಡಿ ಪಟ್ಟಿಯನ್ನು ನೋಡಿದಳು.

“ಇದು ವಿದ್ಯಾನ ಹೆಸರೈತಲ್ಲಾ ಶೈಲಾ.”

“ಆಕಿ ಊರಾಗಿಲ್ಲಕ್ಕಾ. ಮನಿ ಪಾಳಿ, ನಾ ಬಂದೇನಿ. ನಾಳಿ ನನ್ನ ಹೆಸರಿಗೆ ಆಕಿ ಬರತಾಳ.”

ಅಖ್ತರಿಯ ಕೈ ಒಂದು ಗಳಿಗೆ ನಿಂತಿತು. ಬೆಳಗಿನ ಆರಕ್ಕೆ ಬಂದವಳು ಇನ್ನೂ ಚಹಾ ಕುಡಿದಿರಲಿಲ್ಲ. ಹಿಂದೆ ಜನ ನೂಕುತ್ತಿದ್ದರು. ಹೊರಗಿನಿಂದ ಬಂದಿದ್ದ ನರ್ಸ್ ಬಾಯಿ, “ಮುಂದ ಯಾರ್ರಿ?” ಎಂದು ಎರಡು ಸಲ ಕೇಳಿದಳು. ಶೈಲಾಳ ಮುಖದ ಮೇಲೆ ಮಾಸ್ಕ್ ಇತ್ತು, ಮೇಜಿನ ಮೇಲೆ ವಿದ್ಯಾಶ್ರೀಯ ಆಧಾರ್ ಝೆರಾಕ್ಸ್. ಅಖ್ತರಿ ಹೆಸರಿನ ಮುಂದೆ ಗುರುತು ಹಾಕಿದಳು. ಶೈಲಾ ಚುಚ್ಚಿಸಿಕೊಂಡು, ಅರ್ಧ ತಾಸು ಬೆಂಚಿನ ಮೇಲೆ ಕುಳಿತು, ಹೊಲಕ್ಕೆ ಮರಳಿದಳು. ಬಿಟ್ಟ ಸಾಲನ್ನು ಮುಗಿಸಿದಳು.

ಸಂಜೆ ಬಸ್ಸಿಳಿದು ಬಂದ ವಿದ್ಯಾಶ್ರೀ ಬಾಗಿಲಲ್ಲೇ ನಿಂತು ಮೊಬೈಲು ತೋರಿಸಿದಳು.

“ವೈನಿ, ಏನೋ ತಪ್ಪ ಮೆಸೇಜ ಬಂದೈತಿ ನೋಡ್ರಿ. ನನಗ ಕೋವ್ಯಾಕ್ಸಿನ್ ಮೊದಲನೇ ಡೋಸ್ ಆತಂತ.”

“ತಪ್ಪಲ್ಲವಾ, ಖರೆ ಐತಿ. ನಿನ್ನ ಪಾಳಿ ನಾ ಹಿಡದೇನಿ,” ಎಂದು ಶೈಲಾ ನಗುತ್ತ ತೋಳು ತೋರಿಸಿದಳು. “ಇಲ್ಲೆ ನೋಡು, ಹೆಂಗ ಬಾತೈತಿ.”

ವಿದ್ಯಾಶ್ರೀ ಕೆಳಗೆ ಕುಳಿತಳು. ಚಪ್ಪಲಿ ಕಾಲಲ್ಲೇ ಇದ್ದವು. ಆಕೆ ಅಳಲಿಲ್ಲ, ಬೈಯಲಿಲ್ಲ. ಲಸಿಕೆ ಯಾರ ಮೈಗೆ ಹೋದರೂ ಯಾವ ಹೆಸರಿಗೆ ಬರೆದರೋ ಅವರದೇ ಆಗುತ್ತದೆಂಬುದನ್ನು, ಒಂದು ತರಹದ್ದು ಬರೆದ ಮೇಲೆ ಇನ್ನೊಂದು ತರಹದ್ದು ಹಾಕುವುದಿಲ್ಲವೆಂಬುದನ್ನು ಮೆಲ್ಲಗೆ ಬಿಡಿಸಿ ಹೇಳಿದಳು. ಲೆಕ್ಕ ಹೇಳಿಕೊಡುವವರ ಧ್ವನಿ ಅದು. ಶೈಲಾಳ ನಗು ಮುಖದ ಮೇಲೆ ಹಾಗೆಯೇ ಉಳಿದು, ಅದನ್ನು ಎಲ್ಲಿ ಇಡಬೇಕೆಂದು ಆಕೆಗೆ ತಿಳಿಯಲಿಲ್ಲ.

ಜೂನ್ ೨೮ರಂದು ಗದಗದಲ್ಲಿ ಕಂಪ್ಯೂಟರು ವಿದ್ಯಾಶ್ರೀಯ ಹೆಸರನ್ನು ತೋರಿಸಿ ನಿಂತಿತು. ಮೊದಲ ಡೋಸು ಆಗಿದೆ, ಬೇರೆಯದನ್ನು ಹಾಕಲು ಬರುವುದಿಲ್ಲ ಎಂದು ತಿರುಗಿ ಕಳಿಸಿದರು. ಸಹಾಯವಾಣಿಗೆ ಫೋನು ಮಾಡಿದರೆ ತಾಲೂಕಿಗೆ ಹೋಗಿ ಎಂದರು. ಮೂರನೆಯ ದಿನ ಹುಚ್ಚವ್ವ ಸೊಸೆಗೆ, “ಪಾಳಿ ಹೋತು ಅಂದಾಕಿ ನಾನ. ನನಗ ಅಕ್ಷರ ಬರೂದಿಲ್ಲ. ನೀ ಕಾಲೇಜ ಕಂಡಾಕಿ,” ಎಂದಳು. ನೆರೆಮನೆಯ ಅಮೃತವ್ವ ನಳದ ಹತ್ತಿರ ಕೊಡ ತುಂಬಿಸುತ್ತ ಎಲ್ಲರಿಗೂ ಕೇಳುವಂತೆ ಅಂದಳು: “ನಾದಿನಿ ಪರದೇಶಕ್ಕ ಹೋದ್ರ ಮನಿ ಕೆಲಸ ಒಬ್ಬಾಕಿ ಮ್ಯಾಲ ಬೀಳತೈತಲ್ಲ. ಬುದ್ಧಿ ಇದ್ದಾಕಿನ ನಮ್ಮ ಶೈಲಾ.” ಶೈಲಾ ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದಳು. ಆ ಮಾತನ್ನು ಗಂಡ ನಂಬಿದನೋ ಇಲ್ಲವೋ ಎಂದು ಕೇಳುವ ಧೈರ್ಯ ಆಕೆಗೆ ಇಂದಿಗೂ ಬಂದಿಲ್ಲ.

ಜುಲೈ ೧೨, ಸೋಮವಾರ ಶೈಲಾ ಒಬ್ಬಳೇ ಶಿರಹಟ್ಟಿಗೆ ಹೋದಳು. ಅಲ್ಲಿನ ಕಚೇರಿಯಲ್ಲಿ ಲಸಿಕೆಯ ವಿವರಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದ ಹೇಮಪ್ಪ ಎಂಬ ನೌಕರ ಆಕೆಯ ಕಥೆಯನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡ.

“ಯವ್ವಾ, ರೇಷನ್ ತರಾಕ ಒಬ್ಬರ ಬದಲಿ ಒಬ್ಬರು ಹೋಗೂದು ಕೇಳೇನಿ. ಸೂಜಿ ಚುಚ್ಚಸ್ಕೊಳ್ಳಾಕ ಹೋಗಿದ್ದು ಇದ ಮೊದಲ.” ಆಮೇಲೆ ಗಂಭೀರನಾಗಿ ದಾರಿ ಹೇಳಿದ. ಲಸಿಕೆ ತೆಗೆದುಕೊಂಡವಳು ಸ್ವಂತ ಕೈಯಿಂದ ಹೇಳಿಕೆ ಬರೆದುಕೊಡಬೇಕು. ಅದು ಮೇಲೆ ಹೋಗಿ, ನಮೂದು ರದ್ದಾಗಿ ಬರಲು ಹದಿನೈದು ಇಪ್ಪತ್ತು ದಿನ. “ಪಟ್ಟಿ ಹಿಡದಾಕಿ ಹೆಸರೂ ಬರೀಬೇಕು. ಆಶಾಗ ನೋಟಿಸ ಹೋಗತೈತಿ, ಅದನ್ನೂ ಹೇಳೇ ಬಿಡತೇನಿ. ಕೆಲಸದಿಂದ ತಗದ್ರೂ ತಗೀಬಹುದು.”

ಅದೇ ಬೆಂಚಿನ ಮೇಲೆ ಕುಳಿತು ಶೈಲಾ ಒಂದೂವರೆ ಪುಟ ಬರೆದಳು. ಹನ್ನೊಂದು ವರ್ಷದ ಮೇಲೆ ಅಷ್ಟುದ್ದ ಬರೆದದ್ದು ಅದೇ ಮೊದಲು. ಅಖ್ತರಿಯ ಹೆಸರು ಬರೆದು, ದಿನಾಂಕ ಹಾಕಿ, ಸಹಿ ಮಾಡಿದಳು. ಆದರೆ ಹೇಮಪ್ಪನ ಕೈಗೆ ಕೊಡಲಿಲ್ಲ. ಹೇಳದೆ ಕೊಡುವುದು ಸರಿಯಲ್ಲ ಎನ್ನಿಸಿತು. ಶೈಲಾಳ ಮಗ ಹುಟ್ಟಿದಾಗ ಮಳೆಯಲ್ಲಿ ಗಾಡಿ ಹುಡುಕಿ ತಂದು, ಲಕ್ಷ್ಮೇಶ್ವರದ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಜೊತೆಗೆ ನಿಂತವಳು ಅಖ್ತರಿ. ಕಾಗದವನ್ನು ಮಡಿಸಿ ಚೀಲದಲ್ಲಿಟ್ಟು ಊರಿಗೆ ಬಂದು, ನೇರವಾಗಿ ಅವಳ ಮನೆಗೆ ಹೋದಳು.

ಅಖ್ತರಿ ಓದಿದಳು. ಎರಡು ಸಲ ಓದಿದಳು.

“ಸುಳ್ಳ ಏನೂ ಬರದಿಲ್ಲ,” ಎಂದಳು.

“ನಿಮ್ಮ ಹೆಸರ ಬಿಟ್ಟ ಬರೀಲೇನಕ್ಕಾ? ಗುರ್ತ ಹಿಡೀಲಿಲ್ಲ ಅಂತ?”

“ನಿನ್ನ ನಾ ಗುರ್ತ ಹಿಡೀಲಿಲ್ಲಂದ್ರ ಯಳವತ್ತ್ಯಾಗ ದನಾನೂ ನಂಬೂದಿಲ್ಲ.” ಅವಳು ಸಣ್ಣಗೆ ನಕ್ಕು, ನಗುವನ್ನು ಅಲ್ಲಿಗೇ ಬಿಟ್ಟಳು. “ಕೊಡು. ಕೊಡಬ್ಯಾಡ ಅನ್ನೂದಿಲ್ಲ. ಆದ್ರ ಮಹೆಕಂದು ನಿಶ್ಚಯ ಐತಿ, ಬಕ್ರೀದ್ ಮರುದಿನ, ಇಪ್ಪತ್ತೆರಡಕ್ಕ. ಗಂಡಿನ ಕಡೆಯವರು ತಾಯಿ ಸರ್ಕಾರದ ಕೆಲಸದಾಗ ಅದಾಳಂತ ಒಪ್ಯಾರ. ನಡುವ ನೋಟಿಸ ಬಂದ್ರ ಹುಡುಗಿ ಮಾತ ಮುರದ ಬೀಳತೈತಿ. ಅದೊಂದ ಮುಗೀಲಿ ಶೈಲಾ. ಇಪ್ಪತ್ತಮೂರಕ್ಕ ನಾನ ಬಸ್ಸ ಹತ್ತಸ್ತೇನಿ ನಿನ್ನ.”

ಅಖ್ತರಿಯ ಮಗಳು ಮಹೆಕ್ ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆಕೆಗೆ ಎಲ್ಲ ಕೇಳಿಸುತ್ತಿತ್ತು, ತಲೆ ಎತ್ತಲಿಲ್ಲ.

ಶೈಲಾ ಬೆರಳು ಮಡಚಿ ಎಣಿಸಿದಳು. ಇಪ್ಪತ್ತಮೂರಕ್ಕೆ ಕೊಟ್ಟರೆ, ಹೇಮಪ್ಪ ಹೇಳಿದ ಹದಿನೈದೇ ದಿನಕ್ಕೆ ರದ್ದಾದರೆ, ಇಪ್ಪತ್ತೆಂಟು ದಿನದ ಅಂತರ, ಮೇಲೆ ಹದಿನಾಲ್ಕು. ಸೆಪ್ಟೆಂಬರ್ ಹದಿನೈದನ್ನು ದಾಟುತ್ತಿತ್ತು. ಮತ್ತೆ ಎಣಿಸಿದಳು, ಮತ್ತೆ ದಾಟಿತು. ಅಷ್ಟರೊಳಗೆ ಕೋವ್ಯಾಕ್ಸಿನ್ ಹೊರಗಿನ ಪಟ್ಟಿಗೆ ಸೇರುತ್ತದೆಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಸೇರಿದರೆ ಯಾವ ಕಾಗದವೂ ಬೇಕಾಗುವುದಿಲ್ಲ. ಆ ಮಾತನ್ನು ಆಕೆ ಬಿಗಿಯಾಗಿ ಹಿಡಿದುಕೊಂಡಳು.

“ಆತಕ್ಕಾ,” ಎಂದಳು.

ಮನೆಗೆ ಬಂದಾಗ ವಿದ್ಯಾಶ್ರೀ ಕಟ್ಟೆಯ ಮೇಲೆ ಕಾದಿದ್ದಳು.

“ಕೊಟ್ರೇನ್ರಿ ವೈನಿ?”

“ಕೊಟ್ಟೆ. ಮ್ಯಾಲಿಂದ ಬರಬೇಕಂತ.”

ಹನ್ನೊಂದು ದಿನ ಆ ಕಾಗದ ಅಕ್ಕಿಯ ಡಬ್ಬಿಯ ಕೆಳಗಿತ್ತು. ದಿನವೂ ಅಕ್ಕಿ ತೆಗೆಯುವಾಗ ಶೈಲಾಳ ಕೈಗೆ ಅದರ ಅಂಚು ತಾಗುತ್ತಿತ್ತು. ದಿನವೂ ಬೆಳಿಗ್ಗೆ ವಿದ್ಯಾಶ್ರೀ ಜಾಲತಾಣ ತೆರೆದು ನೋಡಿ, “ಇನ್ನೂ ಆಗಿಲ್ರಿ,” ಎನ್ನುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಎದುರುಬದುರು ಕುಳಿತು ಉಣ್ಣುತ್ತಿದ್ದರು. ಎಂಟನೆಯ ದಿನ ವಿದ್ಯಾಶ್ರೀ, “ನಾನ ಒಮ್ಮೆ ಶಿರಹಟ್ಟಿಗೆ ಹೋಗಿ ಕೇಳಿ ಬರ್ಲೇನು?” ಎಂದಳು. “ದಿನಾ ಹೋದ್ರ ಅವರಿಗೆ ಸಿಟ್ಟ ಬರತೈತಿ,” ಎಂದು ಶೈಲಾ ತಡೆದಳು. ಮೊದಲನೆಯ ಸುಳ್ಳು ಬಾಯಿ ತಪ್ಪಿ ಬಂದದ್ದು. ಎರಡನೆಯದನ್ನು ತಾನು ಹುಡುಕಿ ಆಡಿದ್ದೆಂದು ಮುಂಡರಗಿಯ ಪಡಸಾಲೆಯಲ್ಲಿ ಆಕೆ ಹೇಳಿದಳು. 

ಜುಲೈ ೨೨ರಂದು ಮಹೆಕಳ ನಿಶ್ಚಯ ನಡೆಯಿತು. ೨೩, ಶುಕ್ರವಾರ, ಮಾತಿನಂತೆ ಅಖ್ತರಿ ಜೊತೆಗೇ ಶಿರಹಟ್ಟಿಗೆ ಬಂದಳು. ಹೇಮಪ್ಪ ಕಾಗದದ ಮೇಲಿನ ಹಳೆಯ ದಿನಾಂಕವನ್ನು ನೋಡಿ, ಇಬ್ಬರನ್ನೂ ನೋಡಿ, ಮುದ್ರೆ ಒತ್ತಿದ.

ಆಗಸ್ಟ್ ೯ಕ್ಕೆ ನಮೂದು ರದ್ದಾಯಿತು. ಹೇಮಪ್ಪ ಹೇಳಿದ ಅವಧಿಯೊಳಗೇ, ಹದಿನೇಳನೆಯ ದಿನಕ್ಕೆ. ಮರುದಿನವೇ ವಿದ್ಯಾಶ್ರೀ ಗದಗದಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡಳು. ಎರಡನೆಯದು ಸೆಪ್ಟೆಂಬರ್ ೭ಕ್ಕೆ. ಹದಿನಾಲ್ಕು ದಿನ ತುಂಬುವುದು ೨೧ಕ್ಕೆ. ಆರು ದಿನ ಹೆಚ್ಚು. ಆ ಆರು ದಿನಗಳನ್ನು ಕೊಡಬೇಕೆಂದು ಆಕೆ ಸಂಸ್ಥೆಗೆ ಬರೆದಳು. ಸೆಪ್ಟೆಂಬರ್ ೧೬ಕ್ಕೆ ಉತ್ತರ ಬಂತು. ಸೀಟನ್ನು ಪಟ್ಟಿಯ ಮುಂದಿನವರಿಗೆ ಕೊಡಲಾಗಿದೆ, ವಿದ್ಯಾರ್ಥಿವೇತನವನ್ನು ಮುಂದಿನ ವರ್ಷಕ್ಕೆ ಇಡಲು ಬರುವುದಿಲ್ಲ, ಶುಭವಾಗಲಿ. ವಿದ್ಯಾಶ್ರೀ ಅದನ್ನು ಕನ್ನಡದಲ್ಲಿ ಮನೆಯವರಿಗೆ ಓದಿ ಹೇಳಿದಳು. ಮಾಂತೇಶ ಎದ್ದು ಹೊರಗೆ ಹೋದ. ಹುಚ್ಚವ್ವ, “ಆರ ದಿನಕ್ಕೇನ?” ಎಂದು ಒಂದೇ ಮಾತನ್ನು ಮೂರು ಸಲ ಕೇಳಿದಳು. ಶೈಲಾ ಗೋಡೆಗೆ ಒರಗಿ ನಿಂತೇ ಇದ್ದಳು. ಹನ್ನೊಂದರಲ್ಲಿ ಆರು ಕಳೆದರೆ ಗಡುವಿಗೆ ಇನ್ನೂ ಐದು ದಿನ ಉಳಿಯುತ್ತಿತ್ತು. ಆ ಲೆಕ್ಕ ಮಾಡಬಲ್ಲವರು ಆ ಮನೆಯಲ್ಲಿ ಆಕೆ ಒಬ್ಬಳೇ.

ಅಖ್ತರಿಗೆ ನೋಟಿಸು ಬಂತು. ಎರಡು ತಿಂಗಳು ಕೆಲಸದಿಂದ ಹೊರಗಿಟ್ಟು ಮತ್ತೆ ತೆಗೆದುಕೊಂಡರು. ಮಹೆಕಳ ಮದುವೆ ಡಿಸೆಂಬರಿನಲ್ಲಿ ಆಯಿತು. ಶೈಲಾ ಹೋಗಿ ಬಂದಳು. ಇಬ್ಬರು ಹೆಂಗಸರೂ ಆ ಹನ್ನೊಂದು ದಿನಗಳ ಮಾತನ್ನು ಮತ್ತೆ ಎತ್ತಲಿಲ್ಲ. ವಿದ್ಯಾಶ್ರೀ ಹುಬ್ಬಳ್ಳಿಯಲ್ಲಿ ಕೆಲಸ ಹಿಡಿದಳು. ಸರ್ಕಾರದ ಕೆಲಸ ತಡವಾಯಿತು, ವೈನಿ ತನ್ನ ಕೈಲಾದದ್ದನ್ನು ಮಾಡಿದಳು ಎಂದು ನಂಬಿದಳು. ಊ‍ರಿಗೆ ಬಂದಾಗಲೆಲ್ಲ ಆಕೆ ಮೊದಲಿನಂತೆಯೇ ಮಾತಾಡಿಸುತ್ತಿದ್ದಳು. ಅದೇ ಶೈಲಾಳಿಗೆ ತಡೆಯಲಾಗದ್ದು. “ಬೈದಿದ್ರ ಉಂಡ ಅನ್ನ ಮೈಗೆ ಹತ್ತತಿತ್ತು,” ಎಂದಳು.

ಈ ಸಂಗ್ರಹದಲ್ಲಿ ಒಬ್ಬರ ಮಾತನ್ನು ಅಚ್ಚಿಗೆ ಕೊಡಬೇಕಾದರೆ ಅದರಲ್ಲಿ ಹೆಸರು ಬಂದವರೆಲ್ಲರ ಲಿಖಿತ ಅನುಮತಿ ಬೇಕು. ಅಖ್ತರಿ ಮೊದಲನೆಯವಳಾಗಿ ಸಹಿ ಮಾಡಿದಳು. ವಿದ್ಯಾಶ್ರೀಗೆ ಅನುಮತಿಯ ಹಾಳೆಯನ್ನು, ಬರೆದುಕೊಂಡ ಮಾತಿನ ಪ್ರತಿಯೊಂದಿಗೆ, ಅಂಚೆಯಲ್ಲಿ ಕಳಿಸಬೇಕೇ ಎಂದು ಕೇಳಿದಾಗ ಶೈಲಾ ಬೇಡವೆಂದಳು. “ಕಾಗದದಾಗ ಓದಿ ತಿಳೀಬಾರದು ಆಕಿಗೆ. ಶಿವರಾತ್ರಿಗೆ ಬರತಾಳ. ನಾನ ಹೇಳತೇನಿ.”

ಶಿವರಾತ್ರಿಯ ಮರುದಿನ, ಫೆಬ್ರವರಿ ೧೯, ಭಾನುವಾರ, ಹಿತ್ತಲಲ್ಲಿ ಹೇಳಿದಳು. ನಡೆದದ್ದನ್ನು ಮೂರನೆಯ ಭೇಟಿಯಲ್ಲಿ ಶೈಲಾ ವಿವರಿಸಿದಳು. ವಿದ್ಯಾಶ್ರೀ ಒಣ ಹಾಕುತ್ತಿದ್ದ ಬಟ್ಟೆಯನ್ನು ಹಿಂಡಿ, ಝಾಡಿಸಿ, ತಂತಿಯ ಮೇಲೆ ಹಾಕಿದಳು. ಆಮೇಲೆ ಕೇಳಿದಳು.

“ಅವತ್ತ ಎಣಸಿದ್ರೇನ್ರಿ? ದಿನಾನ?”

“ಎರಡ ಸಲ ಎಣಸಿದೆ.”

“ದಾಟತೈತಿ ಅಂತ ಗೊತ್ತಿತ್ತು.”

“ಗೊತ್ತಿತ್ತು.”

“ಹನ್ನೊಂದ ದಿನ ನನ್ನ ಎದರಿಗೇ ಉಂಡ್ರಿ, ವೈನಿ.”

ಶೈಲಾ ಮಹೆಕಳ ಮಾತು ತೆಗೆಯಲು ಹೋದಳು. ವಿದ್ಯಾಶ್ರೀ ಕೈ ಎತ್ತಿ ತಡೆದಳು. “ಅಖ್ತರಕ್ಕಂದ ನನಗ ತಿಳೀತು. ಆಕಿ ಕೇಳಬೇಕಾದ್ದ ಕೇಳಿದ್ಲು. ನೀವು ನನ್ನ ಕೇಳಲಿಲ್ಲ. ಕೇಳಿದ್ರ ಏನಂತಿದ್ನೋ, ಈಗ ನನಗೂ ಗೊತ್ತಾಗೂದಿಲ್ಲ.” ಅನುಮತಿಯ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಸಂಜೆಯ ಬದಲು ಮಧ್ಯಾಹ್ನದ ಬಸ್ಸಿಗೇ ಹೊರಟಳು. ಶೈಲಾ ಬಸ್ಸಿನ ತನಕ ಹೋಗಲು ಚಪ್ಪಲಿ ಮೆಟ್ಟಿದಾಗ, ಬೇಡವೆಂದಳು.

ಎರಡು ವಾರ ಶೈಲಾಳಿಗೆ ಆಕೆಯ ಫೋನು ಬರಲಿಲ್ಲ. ಆಮೇಲೆ ಹುಬ್ಬಳ್ಳಿಯಿಂದ ಒಂದು ಲಕೋಟೆ ನೇರವಾಗಿ ಸಂಗ್ರಹದ ವಿಳಾಸಕ್ಕೆ ಬಂತು. ಒಳಗೆ ಅನುಮತಿಯ ಹಾಳೆಯ ಹೊರತು ಬೇರೆ ಕಾಗದವಿರಲಿಲ್ಲ. ಹೆಸರು ಬದಲಿಸಬೇಕೇ, ಯಾವುದಾದರೂ ಭಾಗವನ್ನು ಬಿಡಬೇಕೇ ಎಂಬ ಎರಡು ಪ್ರಶ್ನೆಗಳ ಮುಂದೆ ‘ಬೇಡ’ ಎಂದು ಬರೆದಿತ್ತು. ಕಡತದಲ್ಲಿ ದಾಖಲಾದದ್ದು ಇಷ್ಟು: ವಿದ್ಯಾಶ್ರೀ, ಯಳವತ್ತಿ, ಸಹಿ ಮಾಡಿದ ದಿನಾಂಕ ೬ ಮಾರ್ಚ್ ೨೦೨೩, ಸೋಮವಾರ.